ಕೆಳಗಿನ ಮನೆಯ ಅಕ್ಕ ಒಡೆದ ಕಲ್ಲುಗಳು

ಅಡಾಪ್ಟರು ಅತಿಯಾಗಿ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಧೂಳು, ಪ್ಲಾಸ್ಟಿಕ್ಕು, ಇನ್ನೇನೋ ಒಂದು... ಸುಡುವುದಕ್ಕೆ ಸ್ವಲ್ಪ ಮುಂಚಿನ ವಾಸನೆ. ಕಳೆದ ತಿಂಗಳು ಮಗಳ ಲ್ಯಾಪ್‌ಟಾಪಿನ ಚಾರ್ಜರ್ ಆ ವಾಸನೆ ಬಿಟ್ಟಾಗ ನಾನು ಮೊದಲು ಮೇನ್ ಸ್ವಿಚ್ ಆರಿಸಿದೆ, ಆಮೇಲೆ ಗ್ಯಾಸ್ ಸಿಲಿಂಡರಿನ ಕಿವಿ ತಿರುಗಿಸಿದೆ, ಆಮೇಲೆ ಓಡಿಹೋಗಲು ಅನುಕೂಲವಾಗಲಿ ಎಂದು ಫ್ಲ್ಯಾಟಿನ ಬಾಗಿಲು ತೆರೆದಿಟ್ಟೆ. "ಪಪ್ಪಾ, ಯಾರ್, ಚಾರ್ಜರ್ ಅಷ್ಟೇ" ಎಂದಳು ಮಗಳು. ನನಗೆ ಈ ನಲವತ್ತೇಳು ವರ್ಷಗಳಲ್ಲಿ ಯಾವುದೂ "ಅಷ್ಟೇ" ಎಂದು ಕಂಡದ್ದಿಲ್ಲ. ಫ್ಯಾನು ನಿಂತ ಮನೆಯಲ್ಲಿ ಆ ವಾಸನೆಯನ್ನು ಮೂಸುತ್ತಾ ಕೂತಾಗ ದಿಲ್ಲಿಯ ಲಕ್ಷ್ಮೀ ನಗರದ ಒಂದು ಎರಡನೇ ಮಹಡಿಯ ಮನೆ ನೆನಪಾಯಿತು. ಅದರೊಂದಿಗೆ ಕೆಳಗಿನ ಮನೆಯ ಅಕ್ಕನೂ.

ಆಗ ನಾನು ಸಿ.ಎ. ಓದಲೆಂದು ದಾವಣಗೆರೆಯಿಂದ ಬಂದಿದ್ದೆ. ಮೂರನೇ ಮಹಡಿಯ ತಾರಸಿಯ ಮೇಲೆ ಒಂಟಿ ಕೋಣೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕೋಚಿಂಗ್, ಆಮೇಲೆ ದಿನವಿಡೀ ಓದಬೇಕು, ಅಂದರೆ ಚಿಂತೆ ಮಾಡಬೇಕು. ಕೆಳಗಿನ ಮನೆಯಲ್ಲಿ ಕುಂದಾಪುರದ ಕಡೆಯ ದಂಪತಿ ಇದ್ದರು. ಯಜಮಾನರು ಒಂದು ಇಡ್ಲಿ-ದೋಸೆ ಹೋಟೆಲಿನಲ್ಲಿ ಅಡಿಗೆ ಮೇಲ್ವಿಚಾರಣೆ ಮಾಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬಂದು ಎರಡು ಗಂಟೆ ಮಲಗಿ ಮತ್ತೆ ಹೋಗುವರು. ಅಕ್ಕ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಕ್ಕಳಿರಲಿಲ್ಲ. ದಿಲ್ಲಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಅವರ ಹಿಂದಿ ತರಕಾರಿ ಭಯ್ಯಾನ ಗಾಡಿಯಿಂದ ಆಚೆಗೆ ಹೋಗಿರಲಿಲ್ಲ.

ಒಂದು ದಿನ ಮೆಟ್ಟಿಲಿಳಿಯುವಾಗ ಅವರ ತೆರೆದ ಬಾಗಿಲಿನಿಂದ "ಹಾಳಾಗಿ ಹೋಗ್ಲಿ!" ಎಂಬ ಅಚ್ಚ ಕನ್ನಡ ಕೇಳಿ ನಿಂತುಬಿಟ್ಟೆ. ನೋಡಿದರೆ, ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸು, ಕೈಯಲ್ಲಿ ವಿಡಿಯೋ ಗೇಮಿನ ಕಂಟ್ರೋಲರು.

"ಎಂತ ನೋಡ್ತೀ ಮಾರಾಯ? ಕನ್ನಡ ಬರ್ತದಾ?"

"ಬರುತ್ತೆ."

"ಹಾಗಾದ್ರೆ ಬಾ ಒಳಗೆ. ಈ ಕಲ್ಲು ಯಾಕೆ ಒಡೆಯೂದಿಲ್ಲ ಹೇಳು."

ಮನೆ ಮಾಲೀಕರ ಮೊಮ್ಮಗ ಹೊಸ ಗೇಮಿನ ಪೆಟ್ಟಿಗೆ ಕೊಂಡ ಮೇಲೆ ಹಳೆಯದು ರದ್ದಿಗೆ ಹೊರಟಿತ್ತು. ಅಕ್ಕ ಕೈಸನ್ನೆಯಲ್ಲೇ ಕೇಳಿ ಇಸಿದುಕೊಂಡಿದ್ದರು. ಅದರ ಜೊತೆಗೆ ಇದ್ದದ್ದು ಒಂದೇ ಆಟ. ಸುತ್ತಿಗೆ ಹಿಡಿದ ಒಬ್ಬ ಕುಳ್ಳ ನೆಲದಡಿಯ ಕೋಟೆಯಲ್ಲಿ ಕೋಣೆಯಿಂದ ಕೋಣೆಗೆ ಇಳಿಯುತ್ತಾ ಹೋಗಬೇಕು. ಪ್ರತಿ ಕೋಣೆಯಲ್ಲೂ ದಾರಿಗೆ ಅಡ್ಡವಾಗಿ ಚೌಕ ಚೌಕ ಕಲ್ಲುಗಳು. ಕೆಲವು ಸುತ್ತಿಗೆಗೆ ಒಡೆಯುತ್ತವೆ, ಬಿರುಕು ಬಿಟ್ಟವು ಬಾಂಬಿಗೆ ಮಾತ್ರ ಒಡೆಯುತ್ತವೆ, ಮಿಕ್ಕವು ಜಪ್ಪಯ್ಯ ಎಂದರೂ ಒಡೆಯುವುದಿಲ್ಲ. ಒಡೆದರೆ ಫಟ್ ಎಂದು ನಾಲ್ಕು ಚೂರಾಗಿ ಹಾರಿ ಮಾಯ. ಆಡಿ ಪಳಗಿದವರು ದಾರಿಗೆ ಬೇಕಾದಷ್ಟನ್ನು ಮಾತ್ರ ಒಡೆದು ಮುಂದೆ ಹೋಗುತ್ತಾರೆ. ಅಕ್ಕ ಕೋಣೆಯಲ್ಲಿದ್ದ ಒಂದೊಂದು ಕಲ್ಲನ್ನೂ ಬಡಿದು ನೋಡದೆ ಕದಲುತ್ತಿರಲಿಲ್ಲ.

"ಅದರಲ್ಲೇನೂ ಇಲ್ಲ ಬಿಡಿ ಅಕ್ಕ" ಎನ್ನುತ್ತಿದ್ದೆ.

"ಇಲ್ಲ ಅಂತ ಒಡೆದ ಮೇಲೆ ಅಲ್ದಾ ಗೊತ್ತಾಗೂದು?"

ಕೋಣೆ ಬಿಟ್ಟು ಹೋಗಿ ಮರಳಿ ಬಂದರೆ ಒಡೆದ ಕಲ್ಲುಗಳೆಲ್ಲ ಮತ್ತೆ ಎದ್ದು ನಿಂತಿರುತ್ತಿದ್ದವು. ನನಗದು ಅನ್ಯಾಯವೆನಿಸುತ್ತಿತ್ತು. ಅಕ್ಕನಿಗೆ ಆಶ್ಚರ್ಯವೇ ಇಲ್ಲ. "ನಮ್ಮನೆ ಪಾತ್ರೆಯ ಹಾಗೆ ಮಾರಾಯ. ತೊಳೆದಿಟ್ಟು ಆಚೆ ಹೋಗಿ ಬಾ, ಮತ್ತೆ ಅಲ್ಲೇ ಕೂತಿರ್ತವೆ."

ಹೀಗೆ ಹನ್ನೊಂದರಿಂದ ಒಂದರವರೆಗೆ ಅಲ್ಲಿ ಕೂರುವುದು ನನಗೆ ರೂಢಿಯಾಯಿತು. ನನ್ನ ಪಾಲಿನ ಕೆಲಸ ಬಾಂಬು ಎಣಿಸುವುದು ಮತ್ತು ಹೆದರುವುದು. "ಖರ್ಚು ಮಾಡಬೇಡಿ, ಮುಂದೆ ಬೇಕಾಗುತ್ತೆ" ಎಂದು ಹೇಳಿದಾಗಲೆಲ್ಲ ಅಕ್ಕ, "ನಿನ್ನ ಕೈಗೆ ಕೊಟ್ರೆ ಬಾಂಬನ್ನೂ ಉಪ್ಪಿನಕಾಯಿ ಹಾಕಿ ಇಡ್ತಿ" ಎಂದು ನಗುವರು. ಇಡೀ ದಿನದಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಅಷ್ಟೇ. ಬಹುಶಃ ಅವರಿಗೂ ಅಷ್ಟೇ ಇತ್ತು...

ಎರಡೂವರೆಯಾದರೆ ಪೆಟ್ಟಿಗೆಗೆ ಕಸೂತಿಯ ಬಟ್ಟೆ ಹೊದಿಸಿ, ಕಾದ ಅಡಾಪ್ಟರನ್ನು ಕಿಟಕಿಯಲ್ಲಿ ಆರಲು ಇಡುತ್ತಿದ್ದರಂತೆ. ಯಜಮಾನರಿಗೆ ಗೊತ್ತಾಗಬಾರದು. ಬೈಯುತ್ತಾರಾ ಎಂದು ಕೇಳಿದ್ದೆ. "ಇವರು ಬೈಯೂದಿಲ್ಲ. ನಗ್ತಾರೆ. ಅದು ಬೇಡ" ಎಂದಿದ್ದರು. ಇನ್ನೊಂದು ದಿನ, ನಾನು ಕೇಳದೆಯೇ ಹೇಳಿದರು: "ಪಿಯುಸಿ ಅರ್ಧ ಆಯ್ತು, ಹೊಲಿಗೆ ಕ್ಲಾಸು ಅರ್ಧ ಆಯ್ತು, ಹಿಂದಿ ಪರೀಕ್ಷೆಯೂ ಅರ್ಧ. ಈ ಕುಳ್ಳನನ್ನಾದ್ರೂ ಕೊನೇ ಬಾಗಿಲು ದಾಟಿಸ್ಬೇಕು ನಾನು."

ಎಂಟು ತಿಂಗಳಲ್ಲಿ ಅವರು ಕೋಟೆಯ ತಳ ಹತ್ತಿರವಾಗುವಷ್ಟು ಇಳಿದಿದ್ದರು. ಆಗ ಒಂದು ದಿನ, ಹಿಂದಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಒಂದು ಕೋಣೆಗೆ ಬಂದೆವು. ನಾಲ್ಕೂ ಕಡೆ ಬಿರುಕು ಬಿಟ್ಟ ಕಲ್ಲುಗಳು, ಕೈಯಲ್ಲಿ ಮೂರೇ ಬಾಂಬು. ಅಷ್ಟರಲ್ಲಿ ಕೆಳಗೆ ಸಿಲಿಂಡರ್ ಭಯ್ಯಾ ಕೂಗಿದ. "ಸುಮ್ಮನೆ ಹಿಡ್ಕೊಂಡಿರು, ಎಂತದೂ ಮುಟ್ಬೇಡ" ಎಂದು ಕಂಟ್ರೋಲರು ನನ್ನ ಕೈಗೆ ಕೊಟ್ಟು ಇಳಿದು ಹೋದರು.

ಮೂಲೆಯಿಂದ ಒಂದು ಬಾವಲಿ ಬಂತು. ಬರೀ ಬಾವಲಿ. ತಾಗಿದ್ದರೆ ಕುಳ್ಳನ ಜೀವ ಒಂದು ಹನಿ ಕಡಿಮೆಯಾಗುತ್ತಿತ್ತು. ತಿಂಗಳುಗಟ್ಟಲೆ ಬಾಂಬು ಉಳಿಸಿ ಎಂದು ಉಪದೇಶ ಮಾಡಿದ್ದ ನಾನು ಹೆದರಿ ಒಂದೇ ಉಸಿರಿಗೆ ಮೂರನ್ನೂ ಎಡಗಡೆ ಎಸೆದುಬಿಟ್ಟೆ. ಮೂರು ಕಲ್ಲು ಹಾರಿದವು, ಹಿಂದೆ ಒಡೆಯದ ಕಲ್ಲಿನ ಸಾಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಪೆಟ್ಟಿಗೆ ಆರಿಸಿ ಹಚ್ಚಿದ್ದರೆ ಹಿಂದಿನ ಕೋಣೆಯಿಂದ ಶುರುವಾಗುತ್ತಿತ್ತು. ಆದರೆ ಅದೇ ಹೊತ್ತಿಗೆ ಟ್ಯೂಬ್‌ಲೈಟು ಮಿಣುಕಿತು. ಕರೆಂಟು ಹೋಗುವ ಸೂಚನೆ. ಪರೀಕ್ಷೆಯ ಹಾಲ್ ಟಿಕೆಟಿಗೆ ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳುವ ಮನುಷ್ಯ ನಾನು. ಹೋದರೆ ಅಕ್ಕನ ಎಂಟು ತಿಂಗಳು ಹೋಗುತ್ತದೆ ಎಂದು ಗಾಬರಿಯಾಗಿ, ಸೇವ್ ಮಾಡಲು ಇದ್ದ ಒಂದೇ ಜಾಗದಲ್ಲಿ, ಅವರು ಹಿಂದೆ ಉಳಿಸಿಟ್ಟದ್ದರ ಮೇಲೆಯೇ, ಆಟವನ್ನು ಸೇವ್ ಮಾಡಿದೆ. ಕರೆಂಟು ಹೋಗಲಿಲ್ಲ.

ಅಕ್ಕ ಏದುಸಿರು ಬಿಡುತ್ತಾ ಮೇಲೆ ಬಂದರು. "ಲೈಟು ಮಿಣುಕಿತಲ್ಲ, ಸೇವ್ ಮಾಡಿದ್ಯಾ?"

"ಮಾಡಿದೆ."

"ಜಾಣ" ಎಂದರು. ಬಾಂಬಿನ ಲೆಕ್ಕವನ್ನು ಎಂದಿನಂತೆ ನನಗೇ ಬಿಟ್ಟಿದ್ದರು.

ಮೂರನೆಯ ದಿನ ಒಂದು ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಆ ಕೋಣೆಯಲ್ಲಿ ಬಾಂಬು ಮುಗಿದ ಮೇಲೆ ಸೇವ್ ಮಾಡಿದವರಿಗೆ ದಾರಿಯೇ ಇಲ್ಲ, ಎಲ್ಲ ಅಳಿಸಿ ಮೊದಲಿನಿಂದ ಆಡಬೇಕು ಎಂದು ಯಾರೋ ಬರೆದಿದ್ದ. ನಾನದನ್ನು ಅಕ್ಕನಿಗೆ ಹೇಳಲಿಲ್ಲ. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡು ಹೋಗುವುದು, ಅವರು ಕೊಟ್ಟ ಕಾಫಿ ಕುಡಿಯುವುದು, ಅವರು ಸುತ್ತಿಗೆಯಿಂದ ಒಂದೊಂದೇ ಕಲ್ಲನ್ನು ಎಡದಿಂದ ಬಲಕ್ಕೆ ಬಡಿಯುವುದನ್ನು ನೋಡುವುದು. ಟಕ್, ಟಕ್, ಟಕ್. "ನಾನೇ ಎಲ್ಲೋ ತಪ್ಪಿದೆ ಕಾಣ್ತದೆ" ಎಂದರು ಒಮ್ಮೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಹೇಳಿದರೆ ನಾಳೆ ಒಳಗೆ ಕರೆಯದಿದ್ದರೆ? ಆ ಊರಿನಲ್ಲಿ ನನ್ನನ್ನು "ಬಾ ಒಳಗೆ" ಎನ್ನುವ ಬಾಗಿಲು ಅದೊಂದೇ.

ಹತ್ತು ಹನ್ನೆರಡು ದಿನದ ಮೇಲೆ ಆ ಟಕ್ ಟಕ್ ಕೇಳಲಾಗದೆ, ಪರೀಕ್ಷೆಯ ನೆಪ ಹೇಳಿ ಹೋಗುವುದನ್ನೇ ಬಿಟ್ಟೆ. ಮೆಟ್ಟಿಲಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು... ಮುಂದಿನ ಚಳಿಗಾಲಕ್ಕೆ ಯಜಮಾನರು ಫರೀದಾಬಾದಿನಲ್ಲಿ ಸ್ವಂತ ಹೋಟೆಲು ಹಾಕಿದರು. ಸಾಮಾನು ಹೊರುವ ದಿನ ಅಕ್ಕ ನನ್ನ ಕೋಣೆಯವರೆಗೂ ಹತ್ತಿ ಬಂದು, "ಓದಿದ್ದು ಮುಗಿಸು ಮಾರಾಯ, ನನ್ನ ಹಾಗೆ ಮಾಡ್ಬೇಡ" ಎಂದು ಹೋದರು. ನಾನು ಸಿ.ಎ. ಮುಗಿಸಲಿಲ್ಲ. ಓಖ್ಲಾದ ಒಂದು ಗಾರ್ಮೆಂಟ್ ಕಚೇರಿ ಸೇರಿ ಅಲ್ಲೇ ಉಳಿದೆ.

ಚಾರ್ಜರಿನ ವಾಸನೆ ಮೂಗಿನಿಂದ ಹೋಗದಿದ್ದರಿಂದ ಕಳೆದ ಭಾನುವಾರ ಫರೀದಾಬಾದಿಗೆ ಹೋದೆ. ಮೆಟ್ರೋದಲ್ಲಿ ಮಾತು ಜೋಡಿಸಿಕೊಂಡೆ: ಅಕ್ಕ, ತಪ್ಪಿದ್ದು ನೀವಲ್ಲ, ನಾನು. ಹೋಟೆಲು ಹುಡುಕುವುದು ಕಷ್ಟವಾಗಲಿಲ್ಲ. ಕೌಂಟರಿನಲ್ಲಿ ಯಜಮಾನರೇ ಇದ್ದರು, ಕೂದಲೆಲ್ಲ ಬೆಳ್ಳಗೆ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಓ, ಮೇಲಿನ ಕೋಣೆಯ ಸಿ.ಎ.! ಅಕ್ಕನನ್ನು ನೋಡ್ಲಿಕ್ಕೆ ಬಂದ್ರಾ?" ಎಂದವರು ಬಿಲ್ಲಿನ ಪುಸ್ತಕ ಮುಚ್ಚಿಟ್ಟರು. "ಅವಳು ಹೋಗಿ ನಾಲ್ಕು ವರ್ಷ ಆಯ್ತಲ್ಲ."

ಕಾಫಿ ಬಂತು. ಅವರೇ ಎದ್ದು ಒಳಗಿನಿಂದ ಹಳೆಯ ಕ್ಯಾಲೆಂಡರ್ ಹಾಳೆಗಳ ಒಂದು ಸುರುಳಿ ತಂದರು. "ಅವಳ ಕಪಾಟಿನಲ್ಲಿ ಸಿಕ್ಕಿತು. ರಂಗೋಲಿ. ಎಲ್ಲ ಬರೀ ಚುಕ್ಕಿ, ಒಂದಕ್ಕೂ ಗೆರೆ ಎಳೆದಿಲ್ಲ. ನಿಮ್ಮ ಕಡೆ ಗೊತ್ತಿರ್ತದಲ್ಲ, ಯಾರ ಹತ್ರವಾದ್ರೂ ಒಂದಕ್ಕೆ ಗೆರೆ ಹಾಕಿಸಿ ಕೊಡ್ತೀರಾ? ಮುಗಿದಿದ್ರೆ ಹೇಗೆ ಕಾಣ್ತಿತ್ತು ನೋಡ್ಬೇಕು ನನಗೆ."

ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನ ಚುಕ್ಕಿಗಳು, ಸಾಲು ಸಾಲು. ಚುಕ್ಕಿಗೊಂದು ಕಲ್ಲು. ಮೊದಲ ಕೋಣೆಯಿಂದ ಹಿಡಿದು ಒಂದೊಂದು ಕೋಣೆಗೆ ಒಂದೊಂದು ಹಾಳೆ. ನಾನು ಹೋಗುತ್ತಿದ್ದ ದಿನಗಳಲ್ಲಿ ಅಕ್ಕ ಹೀಗೆ ಏನನ್ನೂ ಬರೆದದ್ದಿಲ್ಲ. ಹಾಗಾದರೆ ಎಲ್ಲ ಅಳಿಸಿ ಮತ್ತೆ ಶುರು ಮಾಡಿದ್ದಾರೆ, ಈ ಸಲ ಗುರುತು ಹಾಕಿಕೊಳ್ಳುತ್ತಾ. ನಡುವೆ ಆ ಕೋಣೆಯೂ ಇತ್ತು. ಬಲಗಡೆಯ ಮೂರು ಚುಕ್ಕಿಗಳಿಗೆ ಸುತ್ತು ಹಾಕಿ ಬಾಣದ ಗುರುತು ಮಾಡಿದ್ದರು. ಅದರ ಕೆಳಗೆ ನಾನು ಎಂದೂ ಕಾಣದ ಕೋಣೆಗಳು, ಐದೋ ಆರೋ. ಕಟ್ಟಕಡೆಯ ಹಾಳೆಯಲ್ಲಿ ನಾಲ್ಕು ಗೋಡೆ, ಒಂದು ಬಾಗಿಲು, ಚುಕ್ಕಿಯೇ ಇಲ್ಲ. ಒಡೆಯಲು ಏನೂ ಇರದ ಕೋಣೆಯೋ, ಬರೆಯಲು ಆಗದೆ ಉಳಿದ ಕೋಣೆಯೋ...

ನಕ್ಕಾರು ಎಂದು ಅಕ್ಕ ಬಚ್ಚಿಟ್ಟದ್ದನ್ನು ಹೇಳಬಹುದೇ ಎಂದು ಕಾಫಿ ಆರುವವರೆಗೆ ಯೋಚಿಸಿದೆ. ಆಮೇಲೆ ಹೇಳಿದೆ, ಎಲ್ಲವನ್ನೂ: ಪೆಟ್ಟಿಗೆ, ಕುಳ್ಳ, ಸಿಲಿಂಡರ್, ಮೂರು ಬಾಂಬು. ಯಜಮಾನರು ನಗಲಿಲ್ಲ. ಗಿರಾಕಿಯೊಬ್ಬರು ಬಿಲ್ಲು ಹಿಡಿದು ನಿಂತಿದ್ದರೂ ಅತ್ತ ನೋಡಲಿಲ್ಲ. ಕೊನೆಯ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ನೀವು ದಿನಾ ಬರ್ತಿದ್ರಾ?"

"ಕೆಲವು ತಿಂಗಳು, ಭಾವ. ಆಮೇಲೆ ಬಿಟ್ಟೆ."

"ಹಾಗಾದ್ರೆ ಇದೆಲ್ಲ..." ಎಂದು ಹಾಳೆಯ ಮೇಲೆ ಬೆರಳಾಡಿಸಿದರು. "ಇದನ್ನೆಲ್ಲ ಅವಳೊಬ್ಬಳೇ ಆಡಿದ್ದಾ?"

"ಹೌದು" ಎಂದೆ. "ಒಬ್ಬರೇ."