ಅಚ್ಚ ಕನ್ನಡದ ಪಿಕ್ಚರು

ದೇವನಹಳ್ಳಿಯ ಟೆಂಟಿನಲ್ಲಿ ಪಿಕ್ಚರು ಬದಲಾದಾಗಲೆಲ್ಲ ಅಪ್ಪಯ್ಯಣ್ಣ ಜಟಕಾ ಏರಿ, ತಮಟೆ ಬಡಿಸಿ, ತಗಡಿನ ತುತ್ತೂರಿಯಲ್ಲಿ ಕೂಗುತ್ತಿದ್ದ: "ಕತ್ತಿ ಕಾಳಗ, ಬೆಂಕಿ ದಾಟೋ ಕುದುರೆ, ಹೆಂಗಸರಿಗೆ ಹೊಟ್ಟೆತುಂಬ ಅಳು! ಎಲ್ಲಾ ಅಚ್ಚ ಕನ್ನಡದಲ್ಲಿ!" ಒಳಗೆ ಹೋದರೆ ರಾಜ ತಮಿಳಿನಲ್ಲಿ ಗದರುತ್ತಿದ್ದ, ಇಲ್ಲವೇ ರಾಣಿ ತೆಲುಗಿನಲ್ಲಿ ಗೋಳಾಡುತ್ತಿದ್ದಳು. "ಏನಪ್ಪಾ ಇದು?" ಎಂದರೆ, "ಅಳೋದಕ್ಕೆ ಭಾಷೆ ಯಾಕೆ ಸ್ವಾಮಿ?" ಎನ್ನುತ್ತಿದ್ದ. ಊರಿಗೇ ಬುದ್ಧಿವಂತನಾದ ನಾನು ಪ್ರತಿಸಲವೂ ಅವನನ್ನು ಬೈದು, ಮುಂದಿನ ಸಲ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದೆ. ಕೊನೆಗೊಮ್ಮೆ ಹಟ ಹಿಡಿದು ಮನೆಯಲ್ಲೇ ಉಳಿದೆ. ನನ್ನ ಮಾತು ಕೇಳಿ ಊರೂ ಉಳಿಯಿತು. ಆ ಸಲ ಬಂದದ್ದು ನಿಜಕ್ಕೂ ಕನ್ನಡದ್ದೇ. ಖಾಲಿ ಟೆಂಟಿನಲ್ಲಿ ಒಬ್ಬನೇ ಕೂತು ನೋಡಿದ ಅಪ್ಪಯ್ಯಣ್ಣ ಬೆಳಗ್ಗೆ ತುತ್ತೂರಿಯಿಲ್ಲದೆ ಬಂದು ಮೆಲ್ಲಗೆ ಹೇಳಿದ: "ಅದರಲ್ಲೊಬ್ಬ ತಾಯಿ, ಥೇಟು ನಮ್ಮವ್ವನಂಗೇ ಬೈಕೊಂಡು ಮಗನ್ನ ಊಟಕ್ಕೆ ಕರೀತಾಳೆ. ಅತ್ತುಬಿಟ್ಟೆ ಸ್ವಾಮಿ."