ಅತ್ತೆ ಉಳಿಸಿದ ನೀಲಗಿರಿ

ನಮ್ಮ ದೊಡ್ಡ ನೀಲಗಿರಿ ಮರ ಚಿಗುರಿದೆ! ಸುಟ್ಟು ಕಪ್ಪಾದ ಮೈಯನ್ನು ಸೀಳಿಕೊಂಡು, ಬುಡದಿಂದ ಕವಲಿನವರೆಗೆ ಗೊಂಚಲು ಗೊಂಚಲಾಗಿ ಕೆಂಪು ಚಿಗುರು. ಬೆಳಿಗ್ಗೆ ಮೊಮ್ಮಗಳು ಕೂಗಿದಾಗ ನಾನು ಬರಿಗಾಲಲ್ಲೇ ಓಡಿದೆ. ಮೂರು ಜನ ಕೈ ಹಿಡಿದರೂ ತಬ್ಬಲಾಗದ ಆ ಮರ ಇಂದು ನಿಂತಿದ್ದರೆ ಅದು ನಮ್ಮ ಅತ್ತೆಯಿಂದ.

ಅತ್ತೆ ಎತ್ತರದ ಹೆಂಗಸು. ಎರಡೂ ಕಡೆ ಮೂಗುತಿ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಕಂಕುಳಲ್ಲಿ ಮರ ಕಳಚಿದ ಸಿಪ್ಪೆಯ ಹೊರೆ. ನಮ್ಮ ಹಂಡೆಯ ನೀರು ಕಾಯುತ್ತಿದ್ದದ್ದು ಆ ಸಿಪ್ಪೆಯಿಂದ. ಯಾರಿಗಾದರೂ ಶೀತವಾದರೆ ಎಲೆ ಕುದಿಸಿ, ಕಂಬಳಿ ಮುಚ್ಚಿ ಹಬೆ ಹಿಡಿಸುತ್ತಿದ್ದರು. ಮರವನ್ನು ಬೈಯುವುದರಲ್ಲೂ ಅವರೇ ಮುಂದು. "ನೀರ್‌ಕುಡುಕ ಮುಂಡೇದು! ನಮ್ ಬಾವೀನೆಲ್ಲ ಕುಡ್ಕೊಂತು." ಬೇರೆಯವರು ಬೈದರೆ ಮಾತ್ರ ತಿರುಗಿ ಬೀಳುತ್ತಿದ್ದರು: "ನಿಮ್ಮಪ್ಪನ ಬಾವಿಗೆ ಬಂದಿತ್ತಾ?"

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ತೋಪಿಗೆ ಬೆಂಕಿ ಬಿದ್ದಿತು. ಎಲ್ಲ ಸತ್ತವು ಎಂದು ಮಾವ ಕೊಡಲಿ ತಂದರು. ಅತ್ತೆ ಅಡ್ಡ ಬಂದರು.

"ಬೇರೆ ಮರದ್ ಮೊಗ್ಗು ಕೊಂಬೆ ಮೇಲಿರ್ತದೆ. ಇದ್ರದ್ದು ತೊಗಟೆ ಒಳ್ಗೆ ಮಲಗಿರ್ತದೆ. ಒಂದ್ ಮಳೆ ನೋಡಿ, ಆಮೇಲ್ ಕೊಡ್ಲಿ ಎತ್ತಿ."

ಮಳೆ ಬಂತು, ಮರಗಳೆಲ್ಲ ಮೈತುಂಬ ಚಿಗುರಿದವು. ಮಾವ ಕೊಡಲಿಯನ್ನು ಸದ್ದಿಲ್ಲದೆ ಅಟ್ಟಕ್ಕೆ ಹಾಕಿದರು. "ಏನ್ರೀ, ಕೊಡ್ಲಿ ಎಲ್ಲೈತೆ?" ಎಂದು ಅತ್ತೆ ಅವರನ್ನು ಎಷ್ಟು ದಿನ ಕಾಡಿದರೋ!

ಜಿಗಣಿಯ ಸುತ್ತ ಕಾರ್ಖಾನೆಗಳು ಬಂದ ಮೇಲೆ ತೋಪು ಹೋಗಿ ಬಾಡಿಗೆ ಶೆಡ್ಡುಗಳಾದವು. ಎಲ್ಲಕ್ಕಿಂತ ಹಳೆಯದಾದ ಈ ಒಂದನ್ನು ಅತ್ತೆ ಬಿಟ್ಟುಕೊಡಲಿಲ್ಲ. "ಬೋರ್ಡ್ ಓದಕ್ಕೆ ನಂಗ್ ಬರಲ್ಲ. ಬಸ್ಸಿಂದ ಇದ್ರ ತಲೆ ಕಂಡ್ರೆ ಇಳೀತೀನಿ. ಕಡದ್ಬಿಟ್ರೆ ಎಲ್ಲಿಗ್ ಓಗ್ಲಿ, ಒಸೂರ್ಗಾ?" ಅವರು ತೀರಿಕೊಂಡಾಗ, ದಾರಿಯಲ್ಲಿ ಚಟ್ಟವನ್ನು ಒಂದು ಗಳಿಗೆ ಇಳಿಸಿದ್ದು ಇದರ ನೆರಳಲ್ಲೇ.

ಈ ಬೇಸಿಗೆ ಯಾರೋ ಕಸಕ್ಕೆ ಹಚ್ಚಿದ ಬೆಂಕಿ ಮರಕ್ಕೆ ಹತ್ತಿತು. ಪಕ್ಕದ ಶೆಡ್ಡಿನಲ್ಲಿ ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳಿದ್ದವು.

"ಅಮ್ಮಾ, ಮರ ಸತ್ತೋಗೈತೆ," ಎಂದ ಮಗ. "ಪಕ್ಕದಾಗೆ ಮಕ್ಳು ಮರಿ ಅವ್ರೆ. ಬಿದ್ರೆ ಯಾರ್ ಜವಾಬ್ದಾರಿ?"

ಅವನು ಹೇಳಿದ್ದು ತಪ್ಪಲ್ಲ. ಕುಡುಗೋಲಿನ ತುದಿಯಿಂದ ತೊಗಟೆ ಕೆರೆದು ನೋಡಿದೆ. ಹಸಿಯೇ ಕಾಣಲಿಲ್ಲ. ಆದರೂ ಅತ್ತೆಯ ಮಾತು ಬಿಡಲು ಮನಸ್ಸಾಗಲಿಲ್ಲ.

"ಆ ಜನಾನ ಆಚೆ ಶೆಡ್ಡಿಗೆ ಕಳ್ಸು. ಒಣಗಿರೋ ಕೊಂಬೆ ಇಳ್ಸು. ಮರ ಮಾತ್ರ ಒಂದ್ ಮಳೆವರ್ಗೂ ಇರ್ಲಿ ಕಣಪ್ಪ. ನಿಮ್ಮಜ್ಜಿ ಮಾತು."

ಮಗ ಗೊಣಗಿದ. ಅಜ್ಜಿಯ ಮಾತೆಂದ ಮೇಲೆ ಮೀರಲಿಲ್ಲ. ಆದರೆ ಮಳೆ ಬಂದು ಹೋದರೂ ಮರ ಕಪ್ಪಗೇ ನಿಂತಿತ್ತು. ಕೊನೆಗೆ ಅವನು ನಾಳೆಗೆ ಮರ ಕಡಿಯುವವರನ್ನು ಗೊತ್ತು ಮಾಡಿದ. ಇನ್ನು ಯಾವ ಬಾಯಲ್ಲಿ ಬೇಡ ಅನ್ನಲಿ?

ಇಂದು ಬೆಳಿಗ್ಗೆ ಮಗ ಚಿಗುರನ್ನು ಮುಟ್ಟಿ ಮುಟ್ಟಿ ನೋಡಿದ. ಅಲ್ಲೇ ನಿಂತು ಫೋನ್ ಮಾಡಿದ: "ಬರ್ಬೇಡಿ ಅಣ್ಣ. ಮರ ಬದ್ಕೈತೆ."

ಸಂಜೆ ನಾಟಿಕೋಳಿ ಸಾರು, ರಾಗಿಮುದ್ದೆ ಮಾಡಿದೆವು. ಅತ್ತೆಗೆ ಮೊದಲು ಎಡೆ ಇಟ್ಟು, ಮನೆಮಂದಿಯೆಲ್ಲ ಸಾಲಾಗಿ ಕೂತೆವು. ಮೊಮ್ಮಗಳು ಎಡೆಯತ್ತ ನೋಡಿ ತಕರಾರು ತೆಗೆದಳು.

"ಅಜ್ಜಿ, ಮುತ್ತಜ್ಜಿಗೆ ಹಾಕಿರೋ ಪೀಸೇ ದೊಡ್ಡದು!"

"ಗೆದ್ದೋರು ಅವ್ರು ಕಣೇ. ನೀನ್ ತಿನ್ನು," ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.