ಹೊತ್ತು ಮುಳುಗಿದ ಮೇಲೆ ಬಂದ ಊಟ

ಗುರುವಾಯನಕೆರೆಯ ವಿಮಲಾಗೆ ಕೈರುಚಿ ಇತ್ತು, ಬಾಯಿ ಇರಲಿಲ್ಲ. ನಾಲ್ಕು ಜನರ ಎದುರು ನಿಂತರೆ ನಾಲಗೆ ಒಣಗುತ್ತಿತ್ತು. ಪಕ್ಕದ ಮನೆಯ ದಮಯಂತಿಗೆ ಸಾರಿಗೆ ಉಪ್ಪು ಹಾಕಲೂ ಸರಿಯಾಗಿ ಬಾರದು. ಆದರೆ ಓಮ್ನಿ ಓಡಿಸುತ್ತಿದ್ದಳು, ಎಂಥವರನ್ನೂ ಮಾತಿನಲ್ಲಿ ಒಪ್ಪಿಸುತ್ತಿದ್ದಳು. ಇಬ್ಬರೂ ಸೇರಿ ಸಮಾರಂಭಗಳ ಅಡುಗೆ ಹಿಡಿದರು. ಸುಳ್ಳು ಯಾಕೆ ಹೇಳಬೇಕು, ಮೊದಮೊದಲು ಚೆನ್ನಾಗಿಯೇ ನಡೆಯಿತು. ಒಬ್ಬಳೇ ಒಲೆಯ ಮುಂದೆ ಬೇಯುತ್ತಿದ್ದ ವಿಮಲಾಗೆ ಜೊತೆಯಲ್ಲಿ ನಗುವವರು ಸಿಕ್ಕಿದ್ದೇ ದೊಡ್ಡದಾಗಿ ಕಂಡಿತ್ತು. ದಮಯಂತಿ ಕೇಳಿದಾಗಲೆಲ್ಲ ಮಸಾಲೆಯ ಅಳತೆ, ಹದ ಎಲ್ಲ ಬಿಡಿಸಿ ಹೇಳುತ್ತಿದ್ದಳು.

ವಿಮಲಾ ಜೈನರವಳು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಸೋಕದ ಅಡುಗೆ, ಹೊತ್ತು ಮುಳುಗುವ ಮೊದಲೇ ಮುಗಿಯಬೇಕಾದ ಊಟ, ಎಲ್ಲವನ್ನೂ ತಪ್ಪದೆ ನಡೆಸುತ್ತಿದ್ದಳು. ಮೂಡುಬಿದಿರೆಯವರೆಗೂ ಅವಳ ಜನ ಅವಳನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಅವಳ ಆಸ್ತಿ ಎಂದರೆ ಆ ನಂಬಿಕೆಯೊಂದೇ.

ಮೂಡುಬಿದಿರೆಯ ಶ್ರೇಯಾಂಸಕುಮಾರರ ಮಗಳು ಬ್ರಾಹ್ಮಿಯ ನಿಶ್ಚಿತಾರ್ಥದ ಸಂಜೆಯ ಊಟ ಇವರಿಗೆ ಸಿಕ್ಕಿತು. ಅದೇ ದಿನ ಮೆಲ್ಕಾರಿನ ಒಂದು ಮದರಂಗಿ ಶಾಸ್ತ್ರದ ಊಟಕ್ಕೂ ದಮಯಂತಿ ಇವಳನ್ನು ಕೇಳದೆ ಮಾತು ಕೊಟ್ಟಿದ್ದಳು. ಮಧ್ಯಾಹ್ನ ಮೆಲ್ಕಾರಿನ ಪಾತ್ರೆಗಳನ್ನು ಹೇರಿಕೊಂಡು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ವಿಮಲಾ ಅಡುಗೆ ಸಾಗಿಸಲು ರಸ್ತೆಯಲ್ಲಿ ಒಂದು ಪಿಕಪ್ ನಿಲ್ಲಿಸಿ ದಮಯಂತಿಗೆ ಫೋನ್ ಮಾಡಿದಳು.

“ಪುಂಜಾಲಕಟ್ಟೆ ದಾಟಿದೆ ವಿಮಲಕ್ಕ, ಈಗ ಬಂದೆ. ನೀವು ಸುಮ್ಮನೆ ತಲೆಬಿಸಿ ಮಾಡ್ಬೇಡಿ ಮಾರಾಯ್ರೆ!”

ಪಾಪ, ನಂಬಿದಳು. ಪಿಕಪ್ಪನ್ನು ವಾಪಸು ಕಳಿಸಿದಳು. ದಮಯಂತಿ ಆಗಿನ್ನೂ ಮೆಲ್ಕಾರಿನಲ್ಲೇ ಹರಟುತ್ತಿದ್ದಳೆಂದು ಗೊತ್ತಾದದ್ದು ಆಮೇಲೆ. ಅವಳು ಬಿ.ಸಿ.ರೋಡಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿ, ವಿಮಲಾಳನ್ನು ಹತ್ತಿಸಿಕೊಂಡು ಮೂಡುಬಿದಿರೆ ಮುಟ್ಟುವಾಗ ಅಂಗಳದಲ್ಲಿ ದೀಪ ಹತ್ತಿತ್ತು. ಹಿರಿಯರೆಲ್ಲ ಉಣ್ಣದೆ ಎದ್ದು ಹೊರಟಿದ್ದರು.

ದಮಯಂತಿ ಕೈಮುಗಿದುಕೊಂಡು ಶ್ರೇಯಾಂಸಕುಮಾರರ ಮುಂದೆ ಹೋದಳು. “ತಪ್ಪಾಯ್ತು ಧಣಿ. ವಿಮಲಕ್ಕನ ಅಡುಗೆ ಆಗುವಾಗ್ಲೇ ತಡ ಆಯ್ತು. ನಾನು ಎಷ್ಟು ಹೇಳಿದೆ, ಎಂಥ ಮಾಡುವುದು?”

ಪಾತ್ರೆಗಳ ಹತ್ತಿರ ನಿಂತಿದ್ದ ವಿಮಲಾಗೆ ಮೈಯೆಲ್ಲ ಉರಿಯಿತು. ಆಗಲಾದರೂ ಬಾಯಿ ಬಿಡಬಾರದಿತ್ತೇ ಹೆಂಗಸೇ! ಅವಳು ಕೂಡ ರಾತ್ರಿ ಉಣ್ಣುವವಳಲ್ಲ. ಹಸಿದ ಹೊಟ್ಟೆಯಲ್ಲೇ ಮನೆಗೆ ಬಂದು, ಮರುದಿನದಿಂದ ದಮಯಂತಿಯ ಜೊತೆ ಬಿಟ್ಟಳು. ಜನ ಇವಳನ್ನು ಅಡುಗೆಗೆ ಕರೆಯುವುದನ್ನೂ ಬಿಟ್ಟರು.

ಬ್ರಾಹ್ಮಿಯ ಮದುವೆಗೆ ಹೇಳಿಕೆ ಬಂತು, ಅಡುಗೆಗಲ್ಲ, ಬರೀ ಊಟಕ್ಕೆ. ಸಂಜೆ ಬಿಸಿಲಿರುವಾಗಲೇ ಎಲೆ ಹಾಕಿದರು. ಶ್ರೇಯಾಂಸಕುಮಾರರು ಪಂಕ್ತಿಯ ಉದ್ದಕ್ಕೂ ಉಪಚರಿಸುತ್ತ ಬಂದರು. “ಸಾವಕಾಶ ಊಟ ಮಾಡಿ. ದಮಯಂತಿಯವರು ಅಡುಗೆಯವರನ್ನು ಬದಲಾಯಿಸಿದ್ದಾರೆ, ಈಗ ಎಲ್ಲ ಹೊತ್ತಿಗೆ ಸರಿಯಾಗಿ...” ಎಂದವರು ವಿಮಲಾಳನ್ನು ಕಂಡು ಮಾತು ನಿಲ್ಲಿಸಿ ಮುಂದೆ ಸರಿದರು.

ಬಾಳೆಕಾಯಿ ಗಸಿಯ ಒಂದು ತುತ್ತು ಬಾಯಿಗಿಟ್ಟ ಕೂಡಲೇ ವಿಮಲಾಗೆ ತಿಳಿಯಿತು: ಮಸಾಲೆ ಹುರಿದ ಹದ, ಕಾಯಿ ಅರೆದ ಹದ, ಎಲ್ಲವೂ ತನ್ನದೇ. ಎದುರಿಗೆ ಸೌಟು ಹಿಡಿದ ದಮಯಂತಿ ನಗುತ್ತ ನಿಂತಿದ್ದಳು.

“ಇನ್ನು ಸ್ವಲ್ಪ ಹಾಕ್ಲಾ ವಿಮಲಕ್ಕ? ನೀವು ಕಲಿಸಿದ್ದೇ ಅಲ್ವಾ?”

ನಡೆದದ್ದನ್ನೆಲ್ಲ ಪಂಕ್ತಿಯಿಡೀ ಕೇಳುವ ಹಾಗೆ ಕೂಗಿ ಹೇಳಬೇಕೆಂದು ವಿಮಲಾ ತಲೆಯೆತ್ತಿದಳು. ನಾಲಗೆ ಒಣಗಿತು.

“ಸ್ವಲ್ಪ ಹಾಕು” ಎಂದಳು.